ಹೊಳೆ ದಾಟದ ಹಾಡು

ಉಕ್ಕಿನ ಕಾರ್ಖಾನೆಯ ಹೊಗೆಯಡಿಯಲ್ಲಿರುವ ನಮ್ಮ ದಕ್ಷಿಣ ಶಿಕಾಗೊದ ಬೀದಿಯಲ್ಲಿ ನನ್ನಷ್ಟು ಕಡಿಮೆ ಸುಳ್ಳು ಹೇಳುವವನು ಇನ್ನೊಬ್ಬನಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿ ಬಂದಿರುವುದಕ್ಕೆ ಕಾರಣ ಬೇರೆಯವರ ಹೊಟ್ಟೆಕಿಚ್ಚು. ಆದ್ದರಿಂದ ಗಾವ್ರೊನ ಗ್ರಾಮಫೋನ್ ಪ್ಲೇಟಿನ ವಿಷಯವಾಗಿ ಚರ್ಚಿನ ಮೆಟ್ಟಿಲ ಮೇಲೆ, ಕ್ಷೌರದಂಗಡಿಯಲ್ಲಿ ನೀವು ಏನೇನು ಕೇಳಿದ್ದೀರೋ ಅದನ್ನೆಲ್ಲ ಉಗುಳಿಬಿಡಿ. ನಿಜ ಇರುವುದು ನನ್ನ ಹತ್ತಿರ. ಯಾಕೆಂದರೆ ಆ ಪ್ಲೇಟಿನ ಕೊನೆಯಲ್ಲಿ ಕೇಳಿಸುವ ಮೂರು ಬಡಿತ ನನ್ನವು.

ಗಾವ್ರೊ ನಮ್ಮ ಸರ್ಬ್ ಜನರಿರುವ ಲೀಕಾ ಸೀಮೆಯ ಕಲ್ಲುಗುಡ್ಡಗಳಿಂದ ಮೀಸೆ ಮೂಡುವ ಮೊದಲೇ ಇಲ್ಲಿಗೆ ಬಂದವನು. ವಾರವೆಲ್ಲ ಕುಲುಮೆ, ಶನಿವಾರ ಭಾನುವಾರ ಮದುವೆಮನೆ. ಮೊಳದುದ್ದದ ತಂಬುರಿತ್ಸವನ್ನು ಎದೆಗವಚಿಕೊಂಡು ಅವನು ತಂತಿ ಮೀಟಿ ಬಾಯಿ ತೆರೆದರೆ ಕಬ್ಬಿಣ ತಾನಾಗಿ ಕರಗುತ್ತಿತ್ತು. ಕಾರ್ಖಾನೆಯವರಿಗೆ ಬುದ್ಧಿ ಇದ್ದಿದ್ದರೆ ಕಲ್ಲಿದ್ದಲು ತರಿಸುವುದನ್ನೇ ನಿಲ್ಲಿಸುತ್ತಿದ್ದರು. ಅವನ ಮೇಳದಲ್ಲಿ ಬೆರ್ದೆ ನುಡಿಸುವವನು ನಾನು, ಪಾಯೊ. ಬೆರ್ದೆ ಎಂದರೆ ಆಳೆತ್ತರದ ತಂಬುರಿತ್ಸ. ಮೇಳ ಗಾಡಿಯಾದರೆ ಬೆರ್ದೆ ಎತ್ತು. ಎತ್ತಿಗೆ ಯಾರೂ ಹಾರ ಹಾಕುವುದಿಲ್ಲ, ಅದು ಬೇರೆ ಮಾತು.

ಗಾವ್ರೊನ ಮನೆಯ ಮಹಡಿಯಲ್ಲಿ ಬಾಡಿಗೆ ಮಂಚದ ಮೇಲೆ ಮಲಗುವವನೂ ನಾನೇ. ಅಲ್ಲಿನ ಮಂಚಗಳು ತಣ್ಣಗಾದದ್ದನ್ನು ಕಂಡವರಿಲ್ಲ. ಹಗಲುಪಾಳಿಯವನು ಎದ್ದ ಕೂಡಲೇ ರಾತ್ರಿಪಾಳಿಯವನು ಅದೇ ಗುಂಡಿಯಲ್ಲಿ ಬೀಳುತ್ತಿದ್ದ. ಗಾವ್ರೊನ ಹೆಂಡತಿ ಯೇಕಾ ಬಾಡಿಗೆಯವರಿಗೆಲ್ಲ ಬೇಯಿಸಿಹಾಕಿ, ಮಸಿಬಟ್ಟೆ ಒಗೆಯುತ್ತಿದ್ದಳು. ಅವನ ತಾಯಿ ಸಾವ್ಕಾ ಅಜ್ಜಿ ರೊಟ್ಟಿ ಸುಡುತ್ತಿದ್ದಳು. ಆ ರೊಟ್ಟಿಯ ವಾಸನೆಗೆ ಒಬ್ಬ ಐರಿಷ್ ಪೊಲೀಸಿನವನು ನಮ್ಮ ಮತಕ್ಕೆ ಸೇರುತ್ತೇನೆಂದು ಪಾದ್ರಿಯ ಕಾಲು ಹಿಡಿದಿದ್ದ. ಮಗಳು ಸ್ಮಿಲ್ಯಾ ಪೇಟೆಯ ಮಿಠಾಯಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಈ ದೇಶದಲ್ಲೇ ಹುಟ್ಟಿದವಳು. ಜಡೆ ಕತ್ತರಿಸಿಕೊಂಡು ಬಂದ ದಿನ ಅಜ್ಜಿ ಮೂರು ಸಲ ಶಿಲುಬೆ ಗುರುತು ಹಾಕಿಕೊಂಡಿದ್ದಳು.

ಬೇಸಗೆಯ ಕೊನೆಯ ಒಂದು ಭಾನುವಾರ, ಊಟದ ಹೊತ್ತಿಗೆ, ಗಾವ್ರೊ ಹೊಸ ಪ್ಲೇಟನ್ನು ಅಂಗಿಯಲ್ಲಿ ಸುತ್ತಿ ಎಳೆಮಗುವನ್ನು ತಂದ ಹಾಗೆ ತಂದ. ಒಂದು ಬದಿಗೆ ಅವನ ಅವ್ವ ಕಲಿಸಿದ ಹೊಳೆಯ ಹಾಡು. ಇನ್ನೊಂದು ಬದಿಗೆ ನಾನೇ ಕಟ್ಟಿದ ‘ಪಾಯೊನ ಕುಣಿತ’. ನನ್ನ ಹೆಸರು ಚಿನ್ನದ ಅಕ್ಷರದಲ್ಲಿತ್ತು, ಕತ್ತಲೆಯಲ್ಲೂ ಓದಬಹುದಿತ್ತು.

“ಮೊದ್ಲು ಕುಣಿತ ಹಾಕು,” ಎಂದೆ.

“ಅಪ್ಪ, ಕೈ ಒರೆಸ್ಕೊಂಡು ಮುಟ್ಟು. ಕೊಬ್ಬು ಅಂಟುತ್ತೆ,” ಎಂದು ಸ್ಮಿಲ್ಯಾ ಪ್ಲೇಟು ಕಿತ್ತುಕೊಂಡು ಗ್ರಾಮಫೋನಿಗೆ ಕೀಲಿ ಕೊಟ್ಟಳು. ಹೊಳೆಯ ಹಾಡನ್ನೇ ಹಾಕಿದಳು, ನನ್ನನ್ನು ಉರಿಸಲಿಕ್ಕೆ.

ಹಾಡಿನಲ್ಲಿ ಒಬ್ಬ ದೂರದ ದೇಶದಿಂದ ಮನೆಗೆ ನಡೆದುಬರುತ್ತಾನೆ. ಬೆಟ್ಟ ಇಳಿಯುತ್ತಾನೆ, ಕಾಡು ದಾಟುತ್ತಾನೆ. ಕೊನೆಗೆ ಹೊಳೆಯ ದಂಡೆಯಲ್ಲಿ ನಿಂತು ಕೂಗುತ್ತಾನೆ:

ಅಂಬಿಗಣ್ಣ, ಅಂಬಿಗಣ್ಣ, ಆಚೆ ದಡದಿ ನಮ್ಮ ಮನೆ,
ದೀಪವೊಂದು ಕಾಣುತೈತೆ, ದಾಟಿಸೋ...

ಅಷ್ಟಕ್ಕೆ ಹಾಡು ನಿಂತಿತು. ಆಮೇಲೆ ಬರೀ ಸೂಜಿಯ ಕೆರೆತ.

“ಸೂಜಿ ಕೆಟ್ಟಿತಾ?” ಎಂದಳು ಸಾವ್ಕಾ ಅಜ್ಜಿ.

“ಇಲ್ಲವ್ವ, ಮುಗೀತು.”

“ಏನು ಮುಗೀತು? ಅವನಿನ್ನೂ ಈಚೆ ದಂಡೇಲೇ ನಿಂತಿದಾನೆ.”

“ಪ್ಲೇಟಲ್ಲಿ ಮೂರು ನಿಮಿಷಕ್ಕಿಂತ ಹೆಚ್ಚು ಹಿಡಿಯಲ್ಲ. ಗೋಡೆ ಮೇಲೆ ಕೆಂಪು ದೀಪ ಹತ್ತಿತು ಅಂದ್ರೆ ನಿಲ್ಲಿಸ್ಲೇಬೇಕು.”

“ಮನೆ ದೀಪ ಕಾಣ್ತಿದೆ ಅಂತ ಅವನು ಬಾಯಿ ಬಡ್ಕೊಳ್ತಿದಾನೆ. ನೀನು ಇನ್ಯಾವುದೋ ದೀಪ ನೋಡ್ಕೊಂಡು ಬಾಯಿ ಮುಚ್ಚಿದೆಯಾ?”

“ಅತ್ತೆ, ಸಾರು ಆರುತ್ತೆ,” ಎಂದಳು ಯೇಕಾ.

“ಆರ್ಲಿ. ಇಂಥ ಪ್ಲೇಟು ಎಷ್ಟು ಮಾಡಿದಾರೆ?”

“ಸಾವಿರ ಅಂದ್ರಜ್ಜಿ,” ಎಂದೆ ನಾನು, ಹೆಮ್ಮೆಯಿಂದ. ಪ್ಲೇಟು ಕಂಪನಿಯವರು ಹೇಳಿದ್ದು ಅದರಲ್ಲಿ ಅರ್ಧ.

ಅಜ್ಜಿ ತಟ್ಟೆ ಕೈಗೆತ್ತಿಕೊಂಡಳು. “ಹಾಗಾದ್ರೆ ಸಾವಿರ ಮನೇಲಿ ನನ್ನ ಮಗ ಹೊಳೆ ದಂಡೇಲಿ ನಿಂತ ಹಾಗಾಯ್ತು. ದಾರಿ ಹಾಡನ್ನ ಅರ್ಧಕ್ಕೆ ಬಿಡಬಾರ್ದು ಗಾವ್ರೊ. ದಾರೀಲಿರೋರು ದಾರೀಲೇ ಉಳೀತಾರೆ.” ಮಾತು ಮುಗಿಸಿ ಹೊರಗೆ ಹೋಗಿ, ಬೀದಿಬಾಗಿಲ ಮೆಟ್ಟಿಲ ಮೇಲೆ ಕೂತು ಒಬ್ಬಳೇ ಉಂಡಳು. ‘ಪಾಯೊನ ಕುಣಿತ’ವನ್ನು ಆ ದಿನ ಯಾರೂ ಹಾಕಲಿಲ್ಲ.

ಅಜ್ಜಿಯ ಬಾಯಲ್ಲಿ ‘ನನ್ನ ಮಗ’ ಎಂದರೆ ವುಯಾದಿನ್, ಗಾವ್ರೊನ ತಮ್ಮ. ಅವನೂ ಇದೇ ಮನೆಯಲ್ಲಿದ್ದ, ನನ್ನ ಪಕ್ಕದ ಮಂಚದಲ್ಲಿ. ಮಹಾಯುದ್ಧದಲ್ಲಿ ಸರ್ಬಿಯಾ ಸೋತು ನೆಲಕಚ್ಚಿದಾಗ ನಮ್ಮ ಬೀದಿಯ ಹುಡುಗರು ಕುಲುಮೆಯ ಸಲಿಕೆ ಬಿಸಾಕಿ ಸಲೋನಿಕಾದ ರಣರಂಗಕ್ಕೆ ಹೊರಟರು. ರೈಲುನಿಲ್ದಾಣದಲ್ಲಿ ಅವರನ್ನು ಕಳಿಸಲು ನುಡಿಸಿದ ಮೇಳ ನಮ್ಮದೇ. ವುಯಾದಿನ್ ಕಿಟಕಿಯಿಂದ ಟೋಪಿ ಬೀಸಿ, “ಪಾಯೊ, ನನ್ನ ಮಂಚದ ಮೇಲೆ ಕಾಲು ಚಾಚ್ಬೇಡ, ಬರ್ತೀನಿ,” ಎಂದಿದ್ದ. ಆಮೇಲೆ ಅವನ ಸಾವಿನ ಸುದ್ದಿಯೂ ಬರಲಿಲ್ಲ, ಬದುಕಿನ ಸುದ್ದಿಯೂ ಬರಲಿಲ್ಲ.

ಯುದ್ಧ ಮುಗಿದ ಮೇಲೆ ಗಾವ್ರೊ ಹಡಗಿನ ಟಿಕೀಟು ಕಳಿಸಿ ತಾಯಿಯನ್ನು ಕರೆಸಿಕೊಂಡ. ಅವಳು ಗಾವ್ರೊನಿಗಾಗಿ ಬಂದಳೆಂದು ನೀವು ತಿಳಿದರೆ ನಿಮ್ಮಷ್ಟು ದಡ್ಡರಿಲ್ಲ. ಬಂದ ದಿನವೇ ಬೀದಿಬಾಗಿಲನ್ನು ಕೈಯಿಂದ ಸವರಿ, “ಅವನು ಹೊರಟಿದ್ದು ಈ ಬಾಗಿಲಿಂದ ತಾನೆ? ಬರೋದೂ ಇಲ್ಲಿಗೇ,” ಎಂದಳು. ಅಂದಿನಿಂದ ಆ ಬಾಗಿಲಿಗೆ ಅಗುಳಿ ಹಾಕಲು ಬಿಡಲಿಲ್ಲ. ಕಳ್ಳರು ಬರುತ್ತಾರೆ ಎಂದರೆ, “ಬಂದ್ರೆ ಪಾಯೊನ ಎತ್ಕೊಂಡು ಹೋಗ್ಲಿ,” ಎನ್ನುತ್ತಿದ್ದಳು.

ಪ್ಲೇಟು ಕೇಳಿದ ಮಾರನೆಯ ದಿನದಿಂದ ಅಜ್ಜಿ ಹಿಟ್ಟು ನಾದುವುದನ್ನು ಬಿಟ್ಟಳು. ಯೇಕಾ ನಾದಿದಳು. ಯೇಕಾಳ ಸಾರು ಸ್ವರ್ಗ, ಎಲೆಕೋಸಿನ ಎಲೆಯಲ್ಲಿ ಮಾಂಸ ಸುತ್ತಿ ಬೇಯಿಸಿದ ಅವಳ ಸರ್ಮಾ ಸ್ವರ್ಗದ ಮೇಲಿನ ಮಹಡಿ. ಆದರೆ ಅವಳ ರೊಟ್ಟಿಯಿಂದ ಕುಲುಮೆಯ ಬಾಯಿ ಮುಚ್ಚಬಹುದಿತ್ತು. ನನ್ನ ದವಡೆಹಲ್ಲೊಂದು ಆ ವಾರ ಹೋಯಿತು. ಮೊದಲೇ ಅಲ್ಲಾಡುತ್ತಿತ್ತು ಎಂದು ಸ್ಮಿಲ್ಯಾ ಹೇಳಿದರೆ ನಂಬಬೇಡಿ.

ಅದರ ಮೇಲೆ ಮೇಣದಬತ್ತಿಯ ಜಗಳ ಬಂತು. ನಮ್ಮ ಚರ್ಚಿನಲ್ಲಿ ಬತ್ತಿ ಹಚ್ಚಲು ಎರಡು ಅಂತಸ್ತು. ಬದುಕಿದವರಿಗೆ ಮೇಲೆ, ಸತ್ತವರಿಗೆ ಕೆಳಗೆ. ಸಾವ್ಕಾ ಅಜ್ಜಿ ವಾರವಾರವೂ ವುಯಾದಿನನ ಬತ್ತಿಯನ್ನು ಮೇಲೆ ಹಚ್ಚುತ್ತಿದ್ದಳು. ಯೇಕಾಗೆ ಅದು ಪಾಪವೆಂದು ಭಯ. ಸತ್ತವನಿಗೆ ಬೆಳಕು ಕೊಡದೆ ಕತ್ತಲಲ್ಲಿ ಅಲೆಸುತ್ತಿದ್ದೇವೆಂದು. ಅತ್ತೆ ಬೆನ್ನು ತಿರುಗಿಸಿದ ಮೇಲೆ ಅವಳು ಕೆಳಗೊಂದು ಹಚ್ಚುತ್ತಿದ್ದಳು. ಹೀಗೆ ಎಷ್ಟೋ ವರ್ಷದಿಂದ ಅವನು ಮೇಲೆ ಬದುಕಿಕೊಂಡೂ ಕೆಳಗೆ ಸತ್ತುಕೊಂಡೂ ಇದ್ದ. ಆ ಭಾನುವಾರ ಅಜ್ಜಿ ಮರೆತ ಕೈಚೀಲಕ್ಕಾಗಿ ಹಿಂದಿರುಗಿದಳು.

ಯೇಕಾ ಕೆಳಗೆ ಬತ್ತಿ ಹಚ್ಚುತ್ತಿರುವುದನ್ನು ಕಂಡಳು. ಮನೆಗೆ ಬಂದು, ಒಗೆಯುವ ಬಾನಿಯ ಮುಂದೆ ನಿಂತಳು.

“ನನ್ನ ಮಗನ್ನ ಸಾಯಿಸೋಕೆ ನಿನಗೆ ಯಾರಮ್ಮ ಹೇಳಿದ್ದು?”

“ಅತ್ತೆ, ನಾನು ಸಾಯಿಸಿದ್ನಾ? ಎಲ್ರಿಗೂ ಗೊತ್ತಿರೋದನ್ನ...”

“ಯಾರಿಗೆ ಗೊತ್ತು? ನೋಡಿದೋರು ಯಾರು? ಮಣ್ಣು ಹಾಕಿದೋರು ಯಾರು?”

“ಬದುಕಿದ್ರೆ ಒಂದು ಮಾತು ಹೇಳಿ ಕಳಿಸ್ತಿರ್ಲಿಲ್ವಾ? ನನ್ನ ಮದುವೇಲಿ ಚಪ್ಪಲಿ ಕಾದ ಮೈದುನ ಅವನು. ನನಗೂ ಹೊಟ್ಟೆ ಉರಿಯುತ್ತೆ. ಒಂದು ದೀಪ ಸರಿಯಾದ ಜಾಗದಲ್ಲಿ ಇಡೋಣ ಅಂತ...”

“ಇಡು. ಇಟ್ಟ ಮೇಲೆ ಏನಾಗುತ್ತೆ ಅದನ್ನೂ ಯೋಚ್ನೆ ಮಾಡು. ಸಾವಾದ ಮನೇಲಿ ವರ್ಷ ಹಾಡಿಲ್ಲ, ತಂತಿ ಇಲ್ಲ. ನಿನ್ನ ಗಂಡ ಬಾಯಿಗೆ ಬಟ್ಟೆ ತುರುಕ್ಕೋಬೇಕು. ನಿನ್ನ ಮಗಳು ಕುಣಿಯೋಕೆ ಹೋಗೋ ಹಾಗಿಲ್ಲ. ಆಗುತ್ತಾ?”

“ಅಮ್ಮ, ಬೇಡ,” ಎಂದಳು ಸ್ಮಿಲ್ಯಾ ಮಹಡಿಯಿಂದ.

“ಇವಳಿಗೆ ಹಾವಿನ ಕಿವಿ,” ಎಂದಳು ಅಜ್ಜಿ. “ಯೇಕಾ, ಅವನು ದಾರೀಲಿದಾನೆ. ಮನೆ ಮುಟ್ಟದೆ ಇರೋನನ್ನ ನಾನು ಹೇಗೆ ಮಲಗಿಸ್ಲಿ?”

ಯೇಕಾ ಒದ್ದೆ ಕೈಯಿಂದಲೇ ಮುಖ ಮುಚ್ಚಿಕೊಂಡಳು. ಪಾದ್ರಿಯನ್ನು ಕೇಳೋಣವೆಂದು ನಾನು ಸಲಹೆ ಕೊಟ್ಟೆ. ಕೇಳಿದೆವು. ಆ ಮಹಾತ್ಮ ಗಡ್ಡ ನೀವಿಕೊಂಡು, “ಎರಡು ಅಂತಸ್ತಿನ ಬತ್ತಿಯೂ ದೇವರಿಗೇ ಕಾಣುತ್ತೆ,” ಎಂದು ಹೇಳಿ ಊಟಕ್ಕೆ ಹೋದ.

ಗಾವ್ರೊ ಮಾತು ಕಮ್ಮಿಯ ಮನುಷ್ಯ. ಒಂದು ವಾರ ಗಟ್ಟಿ ರೊಟ್ಟಿಯನ್ನು ಹಾಲಿನಲ್ಲಿ ಅದ್ದಿ ತಿಂದ. ಆಮೇಲೆ ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ತಾಯಿಯ ಪಕ್ಕ ಕೂತ. ಅವಳು ಹುರುಳಿಕಾಯಿ ಸುಲಿಯುತ್ತಿದ್ದಳು. ಅವನೂ ಸುಲಿದ.

“ಅವ್ವ, ಹೊಳೆ ದಾಟಿದ ಮೇಲಿನದು ನನಗೆ ಮರೆತುಹೋಗಿದೆ. ಹೇಳ್ಕೊಡು.”

“ಯಾಕೆ? ನಿನ್ನ ಪ್ಲೇಟು ಅಲ್ಲಿಗಂಟ ಬರಲ್ವಲ್ಲ.”

“ಒಂದೇ ಬದಿಗೆ ಹಿಡಿಯಲ್ಲ. ಎರಡೂ ಬದಿಗೆ ಹಾಡಿದ್ರೆ ಹಿಡಿಯುತ್ತೆ.”

ಅಜ್ಜಿಯ ಕೈಯ ಕಾಯಿ ಹಾಗೇ ನಿಂತಿತು. ನನ್ನ ಎದೆಯೂ ನಿಂತಿತು. ಯಾಕೆಂದರೆ ಎರಡನೆಯ ಬದಿ ನನ್ನದು.

“ಕುಣಿತ?” ಎಂದೆ.

“ಕುಣಿತ ಇನ್ನೊಂದು ಸಲ ಪಾಯೊ.”

ಇಡೀ ಶಿಕಾಗೊ ಆ ಕುಣಿತಕ್ಕೆ ಹುಚ್ಚೆದ್ದಿತ್ತು. ಅದನ್ನು ಕೇಳಿ ಒಬ್ಬ ಕುಂಟ ಊರುಗೋಲು ಮುರಿದು ಒಲೆಗೆ ಹಾಕಿದ್ದ. ಆದರೂ ನಾನು ಒಂದೇ ಒಂದು ಮಾತಾಡದೆ ತ್ಯಾಗ ಮಾಡಿದೆ. (ಮೂರು ದಿನ ಕಿರುಚಾಡಿದೆ ಎಂದು ಯೇಕಾ ಹೇಳುತ್ತಾಳೆ. ಅವಳ ಕಿವಿ ಸೂಕ್ಷ್ಮ.)

ಅಜ್ಜಿ ಸುಲಿಯುತ್ತಲೇ ಹೇಳಿಕೊಟ್ಟಳು. ಅಂಬಿಗ ದಾಟಿಸುತ್ತಾನೆ, ಕೂಲಿ ತೆಗೆದುಕೊಳ್ಳುವುದಿಲ್ಲ. ಮನೆಯ ಬೇಲಿ ಸಿಗುತ್ತದೆ. ಕೊನೆಗೆ:

ನಾಯಿ ಬೊಗಳಲಿಲ್ಲ, ಅದರ ಮೂಗು ಗುರುತ ಮರೆಯಲಿಲ್ಲ,
ಒಳಗಿನಿಂದ ತಾಯಿ ಒಬ್ಬಳೆ ‘ಯಾರು’ ಎಂದಳು.

“ಅವನು ಏನಂತಾನೆ?” ಎಂದ ಗಾವ್ರೊ.

“ಏನೂ ಅನ್ನಲ್ಲ. ಬಾಗಿಲು ಬಡೀತಾನೆ.”

“ಆಮೇಲೆ?”

“ಆಮೇಲೇನು? ಬಾಗಿಲು ತೆಗೀತಾಳೆ. ಅದನ್ನ ಯಾರಾದ್ರೂ ಹಾಡ್ತಾರೇನೋ?”

ಆ ರಾತ್ರಿಯ ಊಟಕ್ಕೆ ಸಾವ್ಕಾ ಅಜ್ಜಿ ರೊಟ್ಟಿ ಸುಟ್ಟಳು. ನಾವು ಬಾಡಿಗೆಯವರು ಆನಂದದಿಂದ ಅತ್ತೆವು, ನೆಲ ಒರೆಸಬೇಕಾಯಿತು.

ಕಂಪನಿಯ ಕೋಣೆಗೆ ಹೋಗುವಾಗ ಇಂಗ್ಲಿಷು ಆಡಲು ಸ್ಮಿಲ್ಯಾಳನ್ನು ಕರೆದೊಯ್ದೆವು. ಅಲ್ಲಿದ್ದ ಕನ್ನಡಕದವನು ಎಲ್ಲ ಕೇಳಿ ತಲೆಯಾಡಿಸಿದ.

“ಅಪ್ಪ, ಎರಡು ಕಡೆಯೂ ಅಳು ಇದ್ರೆ ಯಾರು ಕೊಳ್ತಾರೆ ಅಂತಿದಾನೆ,” ಎಂದಳು ಅವಳು.

“ನಮ್ಮ ಜನ ಎರಡು ಕಡೆಯೂ ಅಳೋರೇ ಅಂತ ಹೇಳು. ಅಲ್ಲಿದ್ದಾಗ ಇಲ್ಲಿಗೆ, ಇಲ್ಲಿದ್ದಾಗ ಅಲ್ಲಿಗೆ.”

ಅವಳು ಇಂಗ್ಲಿಷಿನಲ್ಲಿ ತುಂಬ ಹೊತ್ತು ಏನೋ ಹೇಳಿದಳು. ಕನ್ನಡಕದವನು ನಕ್ಕು ಒಪ್ಪಿದ.

“ಏನೇ ಹೇಳಿದೆ?”

“ಅರ್ಧ ಹಾಡು ಕೊಂಡೋರು ಉಳಿದರ್ಧ ಕೇಳೋಕೆ ಇನ್ನೊಂದ್ಸಲ ಅಂಗಡಿಗೆ ಬರ್ತಾರೆ ಅಂದೆ. ನೀನು ಹೇಳಿದ್ದನ್ನ ಹೇಳಿದ್ರೆ ಅವನಿಗೆ ಏನು ಗೊತ್ತಾಗುತ್ತೆ?” ಮುಖ ಆಚೆ ತಿರುಗಿಸಿಕೊಂಡೇ ಹೇಳಿದಳು. ಕಣ್ಣು ಒರೆಸಿಕೊಳ್ಳುತ್ತಿದ್ದಳು ಎಂದು ನನಗೊಬ್ಬನಿಗೇ ಕಂಡಿತು.

ಮೊದಲ ಬದಿ ಸಲೀಸಾಗಿ ಮುಗಿಯಿತು. ಎರಡನೆಯದರ ಕೊನೆಗೆ ನಾನು ಬೆರ್ದೆಯ ದಪ್ಪ ತಂತಿಯಲ್ಲಿ ಮೂರು ಬಡಿತ ಕೊಟ್ಟೆ. ಮೊದಲನೆಯದಕ್ಕೇ ಹಾಡನ್ನು ಮೇಣದ ತಟ್ಟೆಯ ಮೇಲೆ ಕೊರೆಯುತ್ತಿದ್ದ ಸೂಜಿ ಎಗರಿಬಿತ್ತು. ನನ್ನ ಬಲ ಅಂಥದು. ಮೇಣ ಬದಲಿಸಿ ಮತ್ತೆ ಹಾಡಿದೆವು, ಮತ್ತೆ ಎಗರಿತು. ಸದ್ದು ತಗ್ಗಲೆಂದು ಕನ್ನಡಕದವನು ನನ್ನನ್ನು ಗೋಡೆಯವರೆಗೆ ತಳ್ಳಿದ, ಆಮೇಲೆ ಬಾಗಿಲ ಹೊರಗೇ ತಳ್ಳಿದ. ಆಗ ಹೊಳೆಯಿತು ನೋಡಿ, ಪಾಯೊನ ತಲೆಗೆ. ತಂತಿಯನ್ನು ಬಿಟ್ಟು, ಬೆರ್ದೆಯ ಹೊಟ್ಟೆಯ ಹಲಗೆಯ ಮೇಲೆ ಬೆರಳಗೆಣ್ಣಿನಿಂದ ಕುಟ್ಟಿದೆ. ಟಕ್. ಟಕ್. ಟಕ್.

ಗಾವ್ರೊ ಒಳಗಿನಿಂದ ತಿರುಗಿ ಬಾಗಿಲಿನತ್ತ ನೋಡಿದ. ಅವನಿಗೆ ನಾನು ಹೊರಗಿರುವುದು ಗೊತ್ತಿತ್ತು. ಆದರೂ ನೋಡಿದ.

ಪ್ಲೇಟು ಕೈಗೆ ಬಂದದ್ದು ಸಂತ ಲೂಕನ ಹಬ್ಬದ ಹೊತ್ತಿಗೆ. ನಮ್ಮಲ್ಲಿ ಒಂದೊಂದು ವಂಶಕ್ಕೆ ಒಬ್ಬೊಬ್ಬ ಮನೆಸಂತ. ಗಾವ್ರೊನ ವಂಶಕ್ಕೆ ಲೂಕ. ಆ ದಿನಕ್ಕೆ ಯಾರನ್ನೂ ಕರೆಯುವುದಿಲ್ಲ. ನೆನಪಿದ್ದವರು ತಾವೇ ಬರುತ್ತಾರೆ. ಬಂದವರಿಗೆ ಬಾಗಿಲಲ್ಲೇ ಸಕ್ಕರೆ, ಅಕ್ರೋಟು ಹಾಕಿದ ಬೇಯಿಸಿದ ಗೋಧಿಯನ್ನು ಒಂದು ಚಮಚ ಕೊಡಬೇಕು. ತಿಂದವರು ಚಮಚವನ್ನು ಪಕ್ಕದ ನೀರಿನ ಲೋಟದಲ್ಲಿ ಹಾಕಬೇಕು. ಮನೆಯವರು ಕೂರುವ ಹಾಗಿಲ್ಲ, ದಿನವೆಲ್ಲ ನಿಂತೇ ಬಡಿಸಬೇಕು.

ಅರ್ಧ ಶಿಕಾಗೊ ಬಂದಿತ್ತು. ಉಳಿದರ್ಧ ಬೀದಿಯಲ್ಲಿ ಸಾಲು ನಿಂತಿತ್ತು. ಸರ್ಮಾ, ಹುರಿದ ಹಂದಿ, ನಾನು ನೆಲಮಾಳಿಗೆಯಲ್ಲಿ ಸರ್ಕಾರಕ್ಕೆ ತೊಂದರೆ ಕೊಡದೆ ಇಳಿಸಿದ ಪ್ಲಮ್ ಸಾರಾಯಿ. ಸರೋವರದ ಕಡೆಯಿಂದ ಗಾಳಿ ಕೊರೆಯುತ್ತಿತ್ತೆಂದು ಬೀದಿಬಾಗಿಲು ಮುಚ್ಚಿದ್ದರು. ಸೂರ್ಯ ಕಾರ್ಖಾನೆಯ ಚಿಮಣಿಗಳ ಹಿಂದೆ ಇಳಿಯುವ ಹೊತ್ತಿಗೆ ಯಾರೋ, “ಗಾವ್ರೊ, ಹೊಸ ಪ್ಲೇಟು ಎಲ್ಲಪ್ಪಾ?” ಎಂದರು.

ಸ್ಮಿಲ್ಯಾ ಕೀಲಿ ಕೊಟ್ಟಳು. ಬೆಟ್ಟ ಇಳಿದ, ಕಾಡು ದಾಟಿದ, ಹೊಳೆಯ ದಂಡೆಗೆ ಬಂದು ಅಂಬಿಗನನ್ನು ಕೂಗಿದ. ಮೊದಲ ಬದಿ ಮುಗಿಯಿತು. ಸ್ಮಿಲ್ಯಾ ಪ್ಲೇಟು ತಿರುವಲು ಕೈಹಾಕಿದಳು.

“ತಡಿಯೇ,” ಎಂದಳು ಅಜ್ಜಿ. ಕೈಯಲ್ಲಿ ಗೋಧಿಯ ಬೋಗುಣಿ ಹಿಡಿದು ನಿಂತಿದ್ದಳು. “ಜೋಡು ಬಿಚ್ಚಿ ಕೈಗೆ ತಗೊಳ್ಳಿ. ದೋಣೀಲಿ ನೀರಿರುತ್ತೆ.”

ಯಾರೂ ನಗಲಿಲ್ಲ. ಕುಡಿದವರೂ ನಗಲಿಲ್ಲ. ಒಬ್ಬ ಮನುಷ್ಯ ಜೋಡು ಬಿಚ್ಚುವಷ್ಟು ಹೊತ್ತು ನಾವೆಲ್ಲ ಕಾದೆವು.

“ಈಗ ಹಾಕು.”

ಅಂಬಿಗ ದಾಟಿಸಿದ. ಬೇಲಿ ಬಂತು. ನಾಯಿ ಬೊಗಳಲಿಲ್ಲ. ಒಳಗಿನಿಂದ ತಾಯಿ ‘ಯಾರು’ ಎಂದಳು. ಗಾವ್ರೊನ ದನಿ ನಿಂತಿತು.

ಟಕ್. ಟಕ್. ಟಕ್.

ಸಾವ್ಕಾ ಅಜ್ಜಿ ನೆಂಟರ ನಡುವೆ ದಾರಿ ಮಾಡಿಕೊಂಡು ಹೋಗಿ ಬೀದಿಬಾಗಿಲು ತೆರೆದಳು.

ನಾನು ಎಲ್ಲವನ್ನೂ ಎರಡು ಪಟ್ಟು ಮಾಡಿ ಹೇಳುವವನೆಂದು ನಮ್ಮ ಬೀದಿಯಲ್ಲಿ ಹೆಸರು. ಹಾಗಾಗಿ ಇದನ್ನು ಇದ್ದಷ್ಟೇ ಹೇಳುತ್ತೇನೆ. ಹೊರಗೆ ಯಾರೂ ಇರಲಿಲ್ಲ. ಆಕಾಶ ಕುಲುಮೆಯಿಂದ ಕೆಂಪಾಗಿತ್ತು. ಗಾಳಿ ಬಂದು ಮನೆಸಂತನ ಮುಂದಿನ ದೀಪ ಅಲ್ಲಾಡಿತು. ಅಜ್ಜಿ ಹೊಸ್ತಿಲಲ್ಲಿ ನಿಂತು ಮೆಲ್ಲಗೆ, “ಎಷ್ಟು ಹೊತ್ತು ಮಾಡಿದೆಯೋ,” ಎಂದಳು. ಆಮೇಲೆ ಯಾರಿಗೋ ಒಳಗೆ ಬರಲು ಜಾಗ ಬಿಡುವ ಹಾಗೆ ಒಂದು ಪಕ್ಕಕ್ಕೆ ಸರಿದಳು. ಬೋಗುಣಿಯನ್ನು ಮುಂದೆ ಹಿಡಿದಳು. ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದು, ಒಂದು ಚಮಚ ತೆಗೆದು ನೀರಿನ ಲೋಟಕ್ಕೆ ಹಾಕಿದಳು. ಬಾಗಿಲು ಮುಚ್ಚಿದಳು.

“ಏನ್ರಪ್ಪ ಎಲ್ಲಾ ಸತ್ತೋರ ಹಾಗೆ ನಿಂತಿದೀರಿ? ಉಣ್ಣಿ,” ಎಂದಳು. ನಾವು ಉಂಡೆವು.

ಅದೇ ಸಂಜೆ ನಾನು ಪಾಳಿಗೆ ಹೋದೆ. ಬೆಳಗಾದ ಮೇಲೆ ಬಂದು ಬಾಗಿಲು ನೂಕಿದರೆ ತೆರೆಯಲಿಲ್ಲ. ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಒಳಗಿನಿಂದ ಅಗುಳಿ ಹಾಕಿತ್ತು. ಬಡಿದೆ. ಯಾರೂ ಏಳಲಿಲ್ಲ, ಸ್ಮಿಲ್ಯಾ ಮತ್ತೆ ಪ್ಲೇಟು ಹಾಕಿದ್ದಾಳೆ ಎಂದುಕೊಂಡರಂತೆ. ನನ್ನ ಮೀಸೆಯಲ್ಲಿ ಹಿಮಗಡ್ಡೆ ಬೆಳೆದು ನೆಲ ಮುಟ್ಟಿದ ಮೇಲೆ ಒಳಗಿನಿಂದ ಅಜ್ಜಿಯ ದನಿ ಬಂತು.

“ಯಾರು?”

“ನಾನಜ್ಜಿ, ಪಾಯೊ.”

“ಓ, ನೀನಾ,” ಎಂದು ಅಗುಳಿ ತೆಗೆದಳು. ಎಲ್ಲರೂ ಬಂದಾದ ಮೇಲೆ ಉಳಿದವನಿಗೆ ಬಾಗಿಲು ತೆಗೆಯುವ ದನಿ ಅದು.

ಅಡುಗೆಮನೆಯಲ್ಲಿ ಸ್ಮಿಲ್ಯಾ ಹಬ್ಬದ ಚಮಚಗಳನ್ನು ತೊಳೆಯುತ್ತಿದ್ದಳು. “ಪಾಯೊ ಮಾಮ, ಇದರಲ್ಲಿ ಒಂದಕ್ಕೆ ಯಾರ ಬಾಯೂ ಸೋಕಿಲ್ಲ,” ಎಂದಳು. “ಯಾವ್ದು ಅಂತ ಗೊತ್ತಾಗ್ತಿಲ್ಲ. ಎಲ್ಲಾ ಒಟ್ಟಿಗೇ ತೊಳೆದುಬಿಡ್ಲಾ?” ತೊಳೆ ಎಂದೆ.

ಆ ಭಾನುವಾರ ಚರ್ಚಿನಲ್ಲಿ ಸಾವ್ಕಾ ಅಜ್ಜಿ ಮೇಲಿನ ಅಂತಸ್ತಿನಲ್ಲಿ ಗಾವ್ರೊನಿಗೆ, ಯೇಕಾಗೆ, ಸ್ಮಿಲ್ಯಾಗೆ ಬತ್ತಿ ಹಚ್ಚಿದಳು. ಕೊನೆಯ ಬತ್ತಿಯನ್ನು ಸೊಸೆಯ ಕೈಗೆ ಕೊಟ್ಟಳು.

“ನನ್ನ ಬೆನ್ನು ಬಾಗಲ್ಲ. ಕೆಳಗೆ ನೀನೇ ಇಡು.”

ಯೇಕಾ ಬತ್ತಿ ಹಿಡಿದುಕೊಂಡು ನಿಂತೇ ಇದ್ದಳು. ಇಷ್ಟು ವರ್ಷ ಕದ್ದು ಹಚ್ಚಿದವಳಿಗೆ ಹೇಳಿ ಕೊಟ್ಟಾಗ ಕೈ ಬರಲಿಲ್ಲ. ಕೊನೆಗೆ ಇಬ್ಬರೂ ಒಟ್ಟಿಗೆ ಬಾಗಿದರು. ಅಜ್ಜಿಯ ಬೆನ್ನು ಚೆನ್ನಾಗಿಯೇ ಬಾಗಿತು.

ಮನೆಗೆ ಬಂದು ಅವಳು ಗ್ರಾಮಫೋನಿಗೆ ಕಪ್ಪು ಬಟ್ಟೆ ಹೊದಿಸಿದಳು. ಗಾವ್ರೊನ ತಂಬುರಿತ್ಸವನ್ನು ಗೋಡೆಗೆ ಮುಖ ಮಾಡಿ ತೂಗುಹಾಕಿದಳು. ನನ್ನ ಬೆರ್ದೆಯನ್ನು ತಿರುಗಿಸಲು ಇಬ್ಬರು ಬೇಕಾದರು.

“ವರ್ಷವಾ ಅವ್ವ?” ಎಂದ ಗಾವ್ರೊ.

“ವರ್ಷ.”

“ಹತ್ತು ವರ್ಷದ ಹಿಂದೆ ಸತ್ತೋನಿಗೆ ಈಗ ವರ್ಷವಾ?” ಎಂದಳು ಸ್ಮಿಲ್ಯಾ. “ಮುಂದಿನ ಶನಿವಾರ ಕುಣಿತ ಇದೆಯಜ್ಜಿ!”

“ಅವನು ಬಂದಿದ್ದು ಮೊನ್ನೆ ಕಣೇ.”

ಹೀಗೆ ಗಾವ್ರೊ ತನ್ನ ಜೀವಮಾನದ ದೊಡ್ಡ ಪ್ಲೇಟಿನಿಂದ ತನ್ನ ಬಾಯಿಯನ್ನೇ ಮುಚ್ಚಿಕೊಂಡ. ಆ ಪ್ಲೇಟು ಮಾರಿಹೋದ ವೇಗಕ್ಕೆ ಅಂಗಡಿಯವರ ಕೈಗಳಲ್ಲಿ ಬೊಬ್ಬೆ ಎದ್ದಿತ್ತು. ಪಿಟ್ಸ್‌ಬರ್ಗಿನಲ್ಲಿ, ಗ್ಯಾರಿಯಲ್ಲಿ, ಗಣಿಗಳ ಊರುಗಳಲ್ಲಿ, ನಮ್ಮವರಿದ್ದ ಕಡೆಯೆಲ್ಲ ಅದನ್ನು ತಿರುವಿ ತಿರುವಿ ಹಾಕುತ್ತಿದ್ದರು. ಮದುವೆಗಳಿಗೆ ಜನ ಹುಡುಕಿಕೊಂಡು ಬಂದರು. ಕನ್ನಡಕದವನು ತಾನೇ ಮೋಟಾರಿನಲ್ಲಿ ಬಂದ. ಎಲ್ಲರಿಗೂ ಗಾವ್ರೊ ಕೈಮುಗಿದು, “ಮನೇಲಿ ಸೂತಕ. ತಮ್ಮ ಹೋಗಿಬಿಟ್ಟ,” ಎಂದ. ಕನ್ನಡಕದವನು ಟೋಪಿ ತೆಗೆದು, ಯಾವಾಗ ಎಂದು ಕೇಳಿದ. ಸ್ಮಿಲ್ಯಾ ನಮ್ಮ ಮುಖ ನೋಡಿ, ಇಂಗ್ಲಿಷಿನಲ್ಲಿ ಏನೋ ಒಂದು ಹೇಳಿದಳು.

ಗಾವ್ರೊ ಮದುವೆಮನೆಯ ದಿನಗಳಲ್ಲೂ ಕುಲುಮೆಗೇ ಹೋದ. ಯೇಕಾ, “ಒಂದು ಬತ್ತಿ ಅರ್ಧ ಅಡಿ ಕೆಳಗೆ ಇಳಿದಿದ್ದಕ್ಕೆ ಇಷ್ಟು ದೊಡ್ಡ ಮನೆ ಮೂಕಾಯ್ತಲ್ಲ,” ಎಂದು ಗೊಣಗಿದಳು. ಗೊಣಗಿ, ಅತ್ತೆಯ ತಟ್ಟೆಗೆ ದೊಡ್ಡ ಸರ್ಮಾ ಹಾಕಿದಳು. ಊಟದ ಹೊತ್ತಿನಲ್ಲಿ ಚಮಚದ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಗಾವ್ರೊನ ಬೆರಳು ಮೇಜಿನ ಅಂಚಿನಲ್ಲಿ ತಾನಾಗಿ ಓಡುತ್ತಿತ್ತು. ಯೇಕಾ ಅದರ ಮೇಲೆ ಕೈ ಇಟ್ಟು ನಿಲ್ಲಿಸುತ್ತಿದ್ದಳು.

ಹಿಮ ಕರಗುವ ಕಾಲಕ್ಕೆ ಒಂದು ಸಂಜೆ ನಾವು ಹಾಗೆ ಉಣ್ಣುತ್ತಿದ್ದೆವು. ಎದುರುಮನೆಯವರು ಆ ದಿನವಷ್ಟೇ ಗ್ರಾಮಫೋನು ಕೊಂಡಿದ್ದರು. ಗೋಡೆ ದಾಟಿ ಮಸುಕಾಗಿ ಒಂದು ದನಿ ಬಂತು. ಬೆಟ್ಟ ಇಳಿಯುತ್ತಿದ್ದ.

ಗಾವ್ರೊ ಚಮಚ ಕೆಳಗಿಟ್ಟ. ಸಾವ್ಕಾ ಅಜ್ಜಿ ಎದ್ದು ಬೀದಿಯ ಕಡೆಯ ಕಿಟಕಿಯನ್ನು ಎರಡೂ ಕೈಯಿಂದ ಮೇಲೆತ್ತಿದಳು. ಛಳಿಯೂ ಕಾರ್ಖಾನೆಯ ಮಸಿಯೂ ಒಟ್ಟಿಗೆ ಒಳನುಗ್ಗಿದವು.

“ಅತ್ತೆ, ಯಾಕೆ?” ಎಂದಳು ಯೇಕಾ.

“ಹೊಗೆ ಹೋಗ್ಲಿ.”

ನಮ್ಮ ಮನೆಯಲ್ಲಿ ಹೊಗೆಯೇ ಇರಲಿಲ್ಲ. ಅಜ್ಜಿ ಕಿಟಕಿಯ ಪಕ್ಕ ಶಾಲು ಹೊದ್ದುಕೊಂಡು ನಿಂತಳು. ಮೊದಲ ಬದಿ ಮುಗಿಯಿತು. ಎದುರುಮನೆಯವರು ಪ್ಲೇಟು ತಿರುವುವುದಕ್ಕೆ ತಡಮಾಡಿದರು. ಊಟಕ್ಕೆ ಕೂತಿದ್ದರೋ ಏನೋ.

ಅಜ್ಜಿ ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿ, ಇಡೀ ಬೀದಿಗೆ ಕೇಳುವಂತೆ ಕೂಗಿದಳು.

“ಏನ್ರೋ, ತಿರುವ್ರೋ! ಹುಡುಗ ಛಳೀಲಿ ನಿಂತಿದಾನೆ!”